ಕಡಲಿಗೆ ಬೆನ್ನುಹಾಕಿದ ಅಡುಗೆಮನೆ

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ನಮ್ಮ ಕರಾವಳಿಯ ಇಗರ್ಜಿಗಳ ಅಂಗಳದಲ್ಲಿ ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಂದ ಬಂದ ಮುಖಗಳು ಕಾಣಿಸತೊಡಗುತ್ತವೆ. ಹಿಂದೆ ಹೀಗೆ ಬಂದವರು ನೇರವಾಗಿ ತಂದೆತಾಯಿಯರ ಮನೆಗೆ ಹೋಗುತ್ತಿದ್ದರು. ಒಂದೇ ಚಾವಡಿಯಲ್ಲಿ ಹದಿನೈದು ಚಾಪೆ, ಎಲ್ಲರಿಗೂ ಸೇರಿ ಒಂದು ಬಚ್ಚಲು, ಒಂದು ಹಂಡೆ. ಈಗ ಹಿರಿಯರು ತೀರಿಹೋಗಿದ್ದಾರೆ. ಮನೆಗಳು ಪಾಲಾಗಿವೆ, ಮಾರಾಟವಾಗಿವೆ, ಇಲ್ಲವೇ ಬೀಗ ಜಡಿದುಕೊಂಡು ಗೆದ್ದಲಿಗೆ ಆಹಾರವಾಗುತ್ತಿವೆ. ಹುಟ್ಟಿದ ಊರಿಗೆ ಬಂದು ಅದೇ ಊರಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಮನೆ ಹಿಡಿಯುವ ಪದ್ಧತಿ ಹೀಗೆ ನಮ್ಮಲ್ಲಿಯೂ ಬಂದಿದೆ.

ಇಂಥ ಮನೆಯನ್ನು ಕೆಲವರು ಬೀಚ್ ಹೌಸ್ ಎನ್ನುತ್ತಾರೆ, ಕೆಲವರು ಕಾಟೇಜು ಎನ್ನುತ್ತಾರೆ. ಹೋಂಸ್ಟೇ ಎಂಬ ಮಾತು ಎಲ್ಲಕ್ಕೂ ಸಲ್ಲುತ್ತಿದೆಯಾದರೂ ಅದರ ನಿಜವಾದ ಅರ್ಥ ಬೇರೆ. ಹೋಂಸ್ಟೇಯಲ್ಲಿ ಮನೆಯೊಡೆಯರು ಅಲ್ಲಿಯೇ ಇರುತ್ತಾರೆ, ಅವರ ಒಲೆಯ ಊಟವೇ ಅತಿಥಿಗೆ. ನಾನು ಹೇಳುತ್ತಿರುವ ಮನೆಯಲ್ಲಿ ಯಜಮಾನರು ಬೀಗದ ಕೈ ಕೊಟ್ಟು ಹೋಗುತ್ತಾರೆ. ಗ್ಯಾಸ್ ಒಲೆ, ನಾಲ್ಕಾರು ಪಾತ್ರೆಗಳು, ಒಂದು ಫ್ರಿಜ್ಜು, ಹಿತ್ತಿಲಲ್ಲಿ ಬಾವಿ ಇರುತ್ತವೆ. ಅಕ್ಕಿ, ಮೀನು, ತೆಂಗಿನಕಾಯಿ ನೀವೇ ತರಬೇಕು, ನೀವೇ ಬೇಯಿಸಿಕೊಳ್ಳಬೇಕು. ಗಂಟೆ ಒತ್ತಿದರೆ ಬರುವ ಮಾಣಿ ಇಲ್ಲ.

ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ಕಳೆದ ಮೂರನೆಯ ದಿನ ಇಂಥದೊಂದು ಮನೆಗೆ ನಾನು ಊಟಕ್ಕೆ ಹೋಗಿದ್ದೆ. ಕರೆದವನು ನನ್ನ ಬಾಲ್ಯದ ಸಹಪಾಠಿ. ಮುಂಬಯಿಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಪತ್ನಿ ಅಲ್ಲಿಯೇ ಶಾಲೆಯ ಅಧ್ಯಾಪಕಿ. ಕಾಲೇಜು ಓದುವ ಇಬ್ಬರು ಗಂಡುಮಕ್ಕಳು, ಜೊತೆಗೆ ಎಂಬತ್ತು ದಾಟಿದ ಅವನ ತಾಯಿ.

ಮನೆ ಇದ್ದದ್ದು ಕಾಪುವಿಗೂ ಮಲ್ಪೆಗೂ ನಡುವಿನ ಕಿನಾರೆಯಲ್ಲಿ, ಮಟ್ಟುವಿನ ಕಡೆಗೆ. ಆ ಭಾಗವನ್ನು ಬಲ್ಲವರಿಗೆ ಅದರ ವಿಚಿತ್ರ ಸೌಂದರ್ಯವನ್ನು ಬಣ್ಣಿಸಬೇಕಾಗಿಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಉದ್ಯಾವರದ ಹೊಳೆ. ಹೊಳೆಯು ಕಡಲನ್ನು ಸೇರಲು ಅವಸರವಿಲ್ಲದೆ ಅದರ ಪಕ್ಕದಲ್ಲಿಯೇ ಬಹುದೂರ ಸಾಗುತ್ತದೆ. ನಡುವೆ ಉಳಿಯುವುದು ತೆಂಗಿನ ತೋಟಗಳ ಒಂದು ಪಟ್ಟಿ, ಒಂದು ರಸ್ತೆ, ಅಲೆಗಳ ಹೊಡೆತಕ್ಕೆ ರಾಶಿ ಹಾಕಿದ ಕಪ್ಪು ಬಂಡೆಗಳ ಸಾಲು. ದಕ್ಷಿಣಕ್ಕೆ ದೃಷ್ಟಿ ಹಾಯಿಸಿದರೆ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ. ಮನೆ ಹಳೆಯದು: ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಜಿಲ್ಲೆಗಳ ನೆತ್ತಿಯ ಮೇಲಿರುವ ಅದೇ ಕೆಂಪು. ಕಡಲಿಗೆ ಇಷ್ಟು ಹತ್ತಿರವಿರುವ ಮನೆಗಳು ಬಹುತೇಕ ಹಳೆಯವೇ ಆಗಿರುವುದಕ್ಕೆ ಕಾರಣವಿದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಹಳ್ಳಿಗಾಡಿನ ಕಿನಾರೆಯಲ್ಲಿ ಭರತರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಗಳನ್ನು ನಿರ್ಬಂಧಿಸಿತು. 2019ರಲ್ಲಿ ಬಂದ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಆ ಅಂತರವನ್ನು 50 ಮೀಟರಿಗೆ ಇಳಿಸಿದೆ. ಇಳಿಸಿದ್ದು ಒಳ್ಳೆಯದಾಯಿತೇ ಎಂಬುದನ್ನು ಪ್ರತಿ ಮಳೆಗಾಲದಲ್ಲಿ ಕಡಲೇ ಹೇಳುತ್ತಿದೆ. ಆ ಚರ್ಚೆ ಇಲ್ಲಿ ಬೇಡ.

ಆ ಮನೆಯ ಜಗಲಿ ಕಡಲಿಗೆ ಮುಖ ಮಾಡಿತ್ತು. ಅಡುಗೆಮನೆ ಮಾತ್ರ ಹಿಂಬದಿಗೆ, ಪೂರ್ವಕ್ಕೆ. ಹಿಂದಿನವರ ಲೆಕ್ಕ ಸರಿಯಾಗಿಯೇ ಇತ್ತು. ಸೌದೆಯ ಒಲೆಗೆ ಪಡುಗಾಳಿ ತಾಕಿದರೆ ಮನೆ ತುಂಬ ಹೊಗೆ, ಬೂದಿ. ಆದ್ದರಿಂದ ಒಲೆಯನ್ನು ಮನೆಯ ಬೆನ್ನಿನ ಮರೆಯಲ್ಲಿಟ್ಟರು. ಸೌದೆ ಹೋಗಿ ಗ್ಯಾಸು ಬಂದು ದಶಕಗಳೇ ಕಳೆದರೂ ಒಲೆ ಇದ್ದಲ್ಲಿಯೇ ಇದೆ. ಅಲ್ಲಿ ನಿಂತವರಿಗೆ ಕಾಣುವುದು ಹಿತ್ತಿಲ ಬಾವಿ, ಒಗೆದ ಬಟ್ಟೆಯ ಹಗ್ಗ, ಒಂದು ನುಗ್ಗೆಯ ಮರ.

ಜಗಲಿಯ ಮೇಲೆ ನಾನು, ಗೆಳೆಯ, ಅವನ ತಾಯಿ, ಹುಡುಗರು ಕುಳಿತಿದ್ದೆವು. ಮಾತು ಸ್ವಾಭಾವಿಕವಾಗಿ ವಿಶ್ರಾಂತಿಯ ಕಡೆಗೆ ತಿರುಗಿತು. ಹುಡುಗರಲ್ಲಿ ಒಬ್ಬ ತತ್ತ್ವಶಾಸ್ತ್ರದಲ್ಲಿ ಆಸಕ್ತಿ ತೋರಿದ್ದೇ ತಡ, ಸೆಮಿನರಿಯಲ್ಲಿ ಕಲಿತದ್ದೆಲ್ಲ ನನ್ನ ನಾಲಗೆಗೆ ಬಂತು. ಗ್ರೀಕರು ವಿರಾಮವನ್ನು ಸ್ಖೋಲೆ ಎಂದು ಕರೆದರು, ಆ ಶಬ್ದದಿಂದಲೇ ಇಂಗ್ಲಿಷಿನ ಸ್ಕೂಲು ಹುಟ್ಟಿತು; ಲ್ಯಾಟಿನ್ನಿನಲ್ಲಿ ವಿರಾಮಕ್ಕೆ ಓತಿಯುಮ್ ಎಂಬ ಹೆಸರಿದ್ದು ವ್ಯವಹಾರವನ್ನು ಅದರ ನಿಷೇಧರೂಪದಿಂದ, ವಿರಾಮವಲ್ಲದ್ದು ಎಂದು, ಕರೆಯಲಾಯಿತು; ಮನುಷ್ಯನು ದುಡಿಯುವುದು ವಿರಾಮವನ್ನು ಗಳಿಸುವುದಕ್ಕಾಗಿ ಎಂಬುದು ಅರಿಸ್ಟಾಟಲನ ಅಭಿಪ್ರಾಯ; ಜರ್ಮನಿಯ ಕಥೋಲಿಕ ಚಿಂತಕ ಯೋಸೆಫ್ ಪೀಪರ್ 1948ರಲ್ಲಿ ಪ್ರಕಟಿಸಿದ ಪುಟ್ಟ ಗ್ರಂಥದಲ್ಲಿ ಇದೇ ವಿಚಾರವನ್ನು ಯುದ್ಧಾನಂತರದ ಜಗತ್ತಿಗೆ ಮರಳಿ ನೆನಪಿಸಿದರು. ಹೀಗೆ ಸುಮಾರು ಮುಕ್ಕಾಲು ಗಂಟೆ. ಅಷ್ಟರಲ್ಲಿ ಒಳಗಿನಿಂದ ಬಂಗುಡೆ ಹುರಿಯುವ ಪರಿಮಳ ಬಂತು. ಉಪನ್ಯಾಸ ತಾನಾಗಿ ನಿಂತಿತು.

ಊಟ ಬಹಳ ಚೆನ್ನಾಗಿತ್ತೆಂದು ಹೇಳಲೇಬೇಕು. ಕುಚ್ಚಲಕ್ಕಿ ಅನ್ನ, ಬೂತಾಯಿ ಸಾರು, ಹುರಿದ ಬಂಗುಡೆ, ಮಟ್ಟು ಗುಳ್ಳದ ಪಲ್ಯ. ನಾನು ಮೂರನೆಯ ಬಾರಿ ಅನ್ನ ಹಾಕಿಸಿಕೊಂಡೆ. ಗೆಳೆಯನ ಪತ್ನಿ ಬಡಿಸುತ್ತ ಬಡಿಸುತ್ತ, ತೀರ ಸಹಜವಾಗಿ, ನನ್ನನ್ನು ಕೇಳಿದರು: “ಫಾದರ್, ಇವತ್ತು ಕಡಲು ಯಾವ ಬಣ್ಣದಲ್ಲಿದೆ?”

ತಮಾಷೆಯೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಬಂದು ಮೂರು ದಿನವಾಗಿತ್ತು. ಮೊದಲ ಸಂಜೆ ಸಾಮಾನು ಇಳಿಸುವಾಗ ಒಮ್ಮೆ ನೋಡಿದ್ದರಂತೆ. ಆಮೇಲೆ ಬೆಳಗಿನ ಚಹಾ, ತಿಂಡಿ, ಅತ್ತೆಗೆ ಗಂಜಿ, ಮಧ್ಯಾಹ್ನದ ಅಡುಗೆ, ಸಂಜೆ ಕಡಲಲ್ಲಿ ಮಿಂದು ಬಂದವರ ಮರಳು ತುಂಬಿದ ಬಟ್ಟೆ, ರಾತ್ರಿಯ ಅಡುಗೆ. ಕಡಲು ಇನ್ನೂರು ಅಡಿ ದೂರದಲ್ಲಿತ್ತು. ಅದರ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ದೂರುವ ದನಿಯೇನೂ ಅವರಲ್ಲಿರಲಿಲ್ಲ. ಬಣ್ಣ ಯಾವುದೆಂದು ತಿಳಿಯಬೇಕಿತ್ತು, ಅಷ್ಟೆ.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಮಧ್ಯಾಹ್ನ ಹೇಳಿದ ಪಾಠವನ್ನೇ ಮನಸ್ಸು ಮತ್ತೊಮ್ಮೆ ತಿರುವಿ ಹಾಕಿತು. ವಿರಾಮವನ್ನು ಅಷ್ಟು ಕೊಂಡಾಡಿದ ಅಥೆನ್ಸಿನಲ್ಲಿ ವಿರಾಮ ಯಾರಿಗಿತ್ತು? ಸ್ವತಂತ್ರ ಪುರುಷನಿಗೆ. ರೊಟ್ಟಿ ಸುಟ್ಟವರು, ನೀರು ಹೊತ್ತವರು ಗುಲಾಮರು ಮತ್ತು ಮನೆಯ ಹೆಂಗಸರು. ಗುಲಾಮಗಿರಿಗೆ ಅರಿಸ್ಟಾಟಲ್ ಸಮರ್ಥನೆಯನ್ನೂ ಬರೆದಿಟ್ಟಿದ್ದಾನೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಪರೀಕ್ಷೆಗೆ ಓದಿ ಅಂಕವನ್ನೂ ಪಡೆದಿದ್ದೆ. ಆದರೂ ಆ ಎರಡು ಪಾಠಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಲು ನನಗೆ ಒಂದು ತಟ್ಟೆ ಮೀನು ಬೇಕಾಯಿತು.

ನಮ್ಮ ಭಾಷೆಯ ರಜೆ ಎಂಬ ಶಬ್ದವೂ ವಿಚಾರಕ್ಕೆ ಯೋಗ್ಯವಾದದ್ದು. ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ನಮ್ಮ ಕಚೇರಿಗಳಿಗೆ ಬಂದ ಈ ಶಬ್ದದ ಮೂಲ ಅರ್ಥ ಸಮ್ಮತಿ, ಅಪ್ಪಣೆ. ಕೆಲಸ ಮಾಡಿಸುವವನೊಬ್ಬ ಇದ್ದರೆ ಅವನು ಅಪ್ಪಣೆ ಕೊಡಬಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಾನೂನು ಆ ಅಪ್ಪಣೆಯನ್ನು ಹಕ್ಕನ್ನಾಗಿಸಿತು. 1936ರ ಜೂನ್ ತಿಂಗಳಲ್ಲಿ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಒಂದು ವರ್ಷ ದುಡಿದವನಿಗೆ ಕನಿಷ್ಠ ಆರು ದಿನಗಳ ಸಂಬಳಸಹಿತ ರಜೆ ಸಲ್ಲಬೇಕೆಂದು ಒಪ್ಪಂದ ಅಂಗೀಕರಿಸಿತು. ಅದೇ ತಿಂಗಳು ಫ್ರಾನ್ಸ್ ತನ್ನ ಕಾರ್ಮಿಕರಿಗೆ ಎರಡು ವಾರಗಳನ್ನು ಕೊಟ್ಟಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯು ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ರಜೆಯನ್ನು ನಿಗದಿ ಮಾಡಿತು. ನನ್ನ ಗೆಳೆಯನಿಗೆ ಬ್ಯಾಂಕು ರಜೆ ಕೊಟ್ಟಿತ್ತು, ಮಕ್ಕಳಿಗೆ ಕಾಲೇಜು ಕೊಟ್ಟಿತ್ತು. ಅವನ ಪತ್ನಿಗೂ ಶಾಲೆ ರಜೆ ಕೊಟ್ಟಿತ್ತು. ಆದರೆ ಅವರ ಎರಡನೆಯ ಉದ್ಯೋಗದಿಂದ ರಜೆ ಮಂಜೂರು ಮಾಡಬೇಕಾದವರು ಯಾರು?

ಆ ಎರಡನೆಯ ಉದ್ಯೋಗದ ಗಾತ್ರವನ್ನು ಸರಕಾರವೇ ಅಳೆದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವಿನಿಯೋಗಿಸುತ್ತಿದ್ದರು. ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ ಮಾತ್ರ. ಅಂಥವರು ನೂರಕ್ಕೆ 26. ಹೆಂಗಸರು ನೂರಕ್ಕೆ 81.

ಹಾಗಾದರೆ ಸ್ವಂತ ಅಡುಗೆಯ ಮನೆ ಬೇಡ, ಲಾಡ್ಜಿಗೇ ಹೋಗಲಿ ಎಂದು ನೀವು ಹೇಳಬಹುದು. ನಾನು ಹಾಗೆ ಹೇಳಲಾರೆ. ಐದು ಜನರ ಸಂಸಾರ ನಾಲ್ಕು ದಿನ ಹೋಟೆಲಿನಲ್ಲಿ ಉಂಡರೆ ತಗಲುವ ಖರ್ಚು ಎಲ್ಲರೂ ಭರಿಸುವಂಥದ್ದಲ್ಲ. ಎಂಬತ್ತು ದಾಟಿದ ತಾಯಿಗೆ ಹೋಟೆಲಿನ ಮಸಾಲೆ ಒಗ್ಗುವುದಿಲ್ಲ. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಹೋಟೆಲಿನ ಅತಿಥಿಗೆ ಕಡಲು ಕಿಟಕಿಯಾಚೆಗಿನ ಒಂದು ಚಿತ್ರ. ಅಡುಗೆ ಮಾಡಬೇಕಾದವನು ಊರಿನೊಳಕ್ಕೆ ಇಳಿಯಲೇಬೇಕಾಗುತ್ತದೆ.

ಅಲ್ಲಿನ ಒಂದು ಬೆಳಗನ್ನು ನೆನೆಯಿರಿ. ಆರೂವರೆಗೆ ಕೈರಂಪಣಿಯವರು ದೋಣಿಯಲ್ಲಿ ಬಲೆ ಬಿಟ್ಟು ಬಂದು, ಎರಡು ಗುಂಪಾಗಿ ದಡದಲ್ಲಿ ನಿಂತು ಹಗ್ಗ ಎಳೆಯುತ್ತಾರೆ. ಎಳೆಯುತ್ತ ಎಳೆಯುತ್ತ ಎರಡೂ ಗುಂಪುಗಳು ಹತ್ತಿರವಾಗುತ್ತವೆ. ಕೊನೆಗೆ ಮಡಿಲಿನಂಥ ಬಲೆಯ ಚೀಲ ಮರಳಿನ ಮೇಲೆ ಬಂದು ಬೀಳುತ್ತದೆ. ಒಂದು ದಿನ ಬುಟ್ಟಿಗಟ್ಟಲೆ ಬೂತಾಯಿ, ಇನ್ನೊಂದು ದಿನ ಬರೀ ಪಾಚಿ ಮತ್ತು ಪ್ಲಾಸ್ಟಿಕ್ಕು. ಒಂದು ಕಾಲದಲ್ಲಿ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿಗಳ ಕಿರಿಯ ಸಂತಾನ ಇದು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿ ಕಣ್ಮರೆಯಾಯಿತು. ಅಲ್ಲಿ ಮೀನು ಕೊಳ್ಳುವಾಗ ನಿಮಗೆ ಕಥೆ ಉಚಿತ. ಇನ್ನು ಮಟ್ಟುವಿನ ಗುಳ್ಳ: ಹಸುರು ಮೈಯ, ತೆಳು ಸಿಪ್ಪೆಯ ದುಂಡು ಬದನೆ. ವಾದಿರಾಜ ಯತಿಗಳು ಕೊಟ್ಟ ಬೀಜದಿಂದ ಬಂದದ್ದೆಂದು ಅಲ್ಲಿಯವರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಬೆಳೆದವರ ಕೈಯಿಂದಲೇ ಕೊಂಡರೆ ಎಷ್ಟು ಹೊತ್ತು ಬೇಯಿಸಬೇಕೆಂದು ಅವರೇ ಹೇಳಿಕೊಡುತ್ತಾರೆ, ಏಕೆಂದರೆ ಸ್ವಲ್ಪ ಮರೆತರೆ ಅದು ಕರಗಿಯೇ ಹೋಗುತ್ತದೆ. ಮುಂಬಯಿಯಲ್ಲಿ ಹುಟ್ಟಿದ ಹುಡುಗನಿಗೆ ತನ್ನ ಅಜ್ಜನ ಊರು ಪರಿಚಯವಾಗುವುದು ಹೀಗೆ, ಕೈಚೀಲ ಹಿಡಿದು. ಈ ಕಾರಣಕ್ಕಾಗಿ ಒಲೆಯಿರುವ ಮನೆಯನ್ನೇ ನಾನು ಹೊಗಳುತ್ತೇನೆ.

ಒಂದು ಕುತೂಹಲದ ಸಂಗತಿ. ನಾವು ರೆಸಾರ್ಟು, ಕಾಟೇಜುಗಳನ್ನು ಕಾಣುವ ಎಷ್ಟೋ ಮೊದಲೇ ನಮ್ಮ ನಾಡಿನಲ್ಲಿ ಹೆಂಗಸರಿಗೊಂದು ರಜೆಯ ಮನೆ ಇತ್ತು: ತವರು. ತುಳುನಾಡಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಆಟಿ ತಿಂಗಳಲ್ಲಿ ತವರಿಗೆ ಹೋಗುವ ಕ್ರಮವನ್ನು ಆಟಿ ಕುಳಿತುಕೊಳ್ಳುವುದು ಎಂದೇ ಕರೆಯುತ್ತಾರೆ. ಹೋಗುವುದಲ್ಲ, ತಿನ್ನುವುದಲ್ಲ, ಕುಳಿತುಕೊಳ್ಳುವುದು. ನನ್ನ ತಾಯಿಯೂ ವರ್ಷಕ್ಕೊಮ್ಮೆ ನಾಲ್ಕು ದಿನ ತವರಿಗೆ ಹೋಗುತ್ತಿದ್ದರು. ಅಲ್ಲಿ ನನ್ನ ಅಜ್ಜಿ ಅವರ ಕೈಯಿಂದ ಸೌಟನ್ನು ಕಿತ್ತುಕೊಳ್ಳುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತು, ಏನೂ ಮಾಡದೆ, ಮಳೆ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಅವರು ಹಾಗೆ ಕುಳಿತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಹಾಗೆ ಸೌಟು ಕಿತ್ತುಕೊಳ್ಳುವ ಅಜ್ಜಿ ಬಾಡಿಗೆಯ ಮನೆಯೊಂದಿಗೆ ಬರುವುದಿಲ್ಲ. ಅಜ್ಜಿಯೂ ಯಾರದೋ ತಾಯಿ, ಅವರಿಗೆ ರಜೆ ಇತ್ತೇ ಎಂದು ನೀವು ಕೇಳಿದರೆ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಮರುದಿನ ಬೆಳಿಗ್ಗೆ ನಾನು ಗೆಳೆಯನಿಗೆ ಫೋನು ಮಾಡಿದೆ. ಉಪದೇಶ ಮಾಡಲಿಲ್ಲ, ಅವನ ಪತ್ನಿ ಕೇಳಿದ ಪ್ರಶ್ನೆಯನ್ನು ಅವನಿಗೆ ನೆನಪಿಸಿದೆ. ಬಹಳ ಹೊತ್ತು ಅವನು ಸುಮ್ಮನಿದ್ದ. ಆಮೇಲೆ, “ಇವತ್ತು ಮಧ್ಯಾಹ್ನ ಊಟಕ್ಕೆ ಬನ್ನಿ ಫಾದರ್, ಅಡುಗೆ ನಮ್ಮದು” ಎಂದ. ಬಾಲ್ಯದಲ್ಲಿ ನನ್ನನ್ನು ಏಕವಚನದಲ್ಲಿ ಕರೆದವನು ದೀಕ್ಷೆಯಾದಂದಿನಿಂದ ಬಹುವಚನಕ್ಕೆ ಬದಲಾಗಿದ್ದಾನೆ; ಎಷ್ಟು ಹೇಳಿದರೂ ಕೇಳುವುದಿಲ್ಲ.

ನಾನು ಹೋದಾಗ ಅಡುಗೆಮನೆ ರಣರಂಗವಾಗಿತ್ತು. ಹಿರಿಯ ಹುಡುಗ ತೆಂಗಿನಕಾಯಿ ತುರಿಯುತ್ತ ಬೆರಳನ್ನೂ ತುರಿದುಕೊಂಡಿದ್ದ. ಕಿರಿಯವನು ಮೀನಿನ ಹುರುಪೆ ತೆಗೆಯಲು ಹೋಗಿ ಅದು ಗೋಡೆಗೆಲ್ಲ ಹಾರಿತ್ತು. ಗುಳ್ಳ ಕರಗಿಹೋಗಿತ್ತು, ಸಾರಿಗೆ ಹುಣಿಸೆ ಹೆಚ್ಚಾಗಿತ್ತು. ನನ್ನ ಪಾಲಿಗೆ ಪಾತ್ರೆ ತೊಳೆಯುವ ಕೆಲಸ ಬಂತು. ಅಜ್ಜಿ ಇದನ್ನು ಕಂಡು, “ಪಾದ್ರಿಯವರ ಕೈಯಲ್ಲಿ ಪಾತ್ರೆ ತೊಳೆಸುತ್ತೀರಾ?” ಎಂದು ಎರಡು ಬಾರಿ ಎದ್ದುಬಂದರು.

ನನ್ನನ್ನು ಆಶ್ಚರ್ಯಗೊಳಿಸಿದ್ದು ಬೇರೆ. ಗೆಳೆಯನ ಪತ್ನಿಯನ್ನು ಬಲವಂತದಿಂದ ದಡಕ್ಕೆ ಕಳುಹಿಸಿದ್ದರು. ಬಂಡೆಗಳ ಸಾಲು ಮುಗಿಯುವಲ್ಲಿ, ಅಡುಂಬು ಬಳ್ಳಿ ಹಬ್ಬಿದ ಮರಳಿನ ಮೇಲೆ ಅವರು ಕುಳಿತರು. ಹತ್ತು ನಿಮಿಷದಲ್ಲಿ ಹಿಂತಿರುಗಿದರು, ಸಾಸಿವೆ ಎಲ್ಲಿದೆಯೆಂದು ಹೇಳಲು. ಮತ್ತೆ ಹೋದರು, ಮತ್ತೆ ಬಂದರು, ಗ್ಯಾಸು ಸಣ್ಣದು ಮಾಡಿದ್ದೀರಾ ಎಂದು ಕೇಳಲು. ಮೂರನೆಯ ಸಲ ಬಂದಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದರು: “ಕುಳಿತುಕೊಳ್ಳಲು ಆಗುವುದಿಲ್ಲ ಫಾದರ್. ಏನೋ ತಪ್ಪು ಮಾಡಿದ ಹಾಗೆ ಆಗುತ್ತದೆ.” ಇಪ್ಪತ್ತೆರಡು ವರ್ಷಗಳ ಅಭ್ಯಾಸವನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸಲು ಹೊರಟ ನಮ್ಮ ಅವಿವೇಕ ಆಗ ನನಗೆ ಕಂಡಿತು. ವಿರಾಮವೆಂಬುದು ಕೆಲಸ ಇಲ್ಲದಿರುವ ವೇಳೆಯಲ್ಲ, ಅದೊಂದು ಮನಃಸ್ಥಿತಿ ಎಂದು ಪೀಪರ್ ಬರೆದದ್ದನ್ನು ನಾನು ಹಲವರಿಗೆ ಬೋಧಿಸಿದ್ದೇನೆ. ಆ ಸ್ಥಿತಿಯೊಳಕ್ಕೆ ಹೋಗಲು ಬಾಗಿಲೇ ತೆರೆಯದವರ ವಿಚಾರ ನನ್ನ ಬೋಧನೆಯಲ್ಲಿ ಇರಲಿಲ್ಲ.

ಬೇತಾನ್ಯದ ಮಾರ್ತಳನ್ನು ಕುರಿತು ನಾನು ಮಾಡಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಅವಳ ಗಡಿಬಿಡಿಯನ್ನು ಬಲಿಪೀಠದಿಂದ ಟೀಕಿಸಿ, ಬಳಿಕ ಯಾರದೋ ಮನೆಯ ಮಾರ್ತ ಬಡಿಸಿದ ಊಟಕ್ಕೆ ಹೋಗಿದ್ದೇನೆ. ಯೋಹಾನನ ಶುಭಸಂದೇಶದ 21ನೆಯ ಅಧ್ಯಾಯವನ್ನು ಆ ದೃಷ್ಟಿಯಿಂದ ಓದಿದ್ದು ಈಚೆಗೆ: ರಾತ್ರಿಯಿಡೀ ಬಲೆ ಬೀಸಿ ಬಸವಳಿದವರು ದಡಕ್ಕೆ ಬಂದಾಗ ಅಲ್ಲಿ ಕೆಂಡ ಸಿದ್ಧವಾಗಿತ್ತು, ಕೆಂಡದ ಮೇಲೆ ಮೀನಿತ್ತು, ರೊಟ್ಟಿಯಿತ್ತು. ಬೆಂಕಿ ಹೊತ್ತಿಸಿದವನು ಅವರ ಗುರು.

ಆ ಮನೆಯ ಕಸ ಗುಡಿಸಿ, ಹೊದಿಕೆ ಬದಲಿಸಲು ಹತ್ತಿರದ ಒಬ್ಬ ಹೆಂಗಸು ಬರುತ್ತಿದ್ದರು. ಬೆಳಿಗ್ಗೆ ಮೀನು ಮಾರಿ, ಆಮೇಲೆ ಇಲ್ಲಿಗೆ. ನಿಮಗೆ ರಜೆ ಯಾವಾಗ ಎಂದು ಗೆಳೆಯನ ಕಿರಿಯ ಮಗ ಕೇಳಿದ. ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್, ಜುಲೈ ತಿಂಗಳುಗಳಲ್ಲಿ ಎಂದರು. ಆದರೆ ಅದಕ್ಕೆ ಅವರು ರಜೆ ಎನ್ನಲಿಲ್ಲ, ಕೆಲಸ ಇಲ್ಲ ಎಂದರು. ಮಳೆಗಾಲದಲ್ಲಿ ಇಂಥ ಮನೆಗಳಿಗೂ ಬಾಡಿಗೆದಾರರು ಕಡಿಮೆ. ಅವರೇ ಇನ್ನೊಂದು ಮಾತನ್ನೂ ಹೇಳಿದರು: ದಿನಕ್ಕೆ ಎರಡು ಬಾರಿ ಮೀಯುವವರು ಬಂದಾಗ ಪಂಪು ಹೆಚ್ಚು ಹೊತ್ತು ಓಡುತ್ತದೆ, ಆಗ ತಮ್ಮ ಬಾವಿಯ ನೀರು ಚಪ್ಪೆಯಾಗುತ್ತದೆ, ಮಾರ್ಚ್ ಹೊತ್ತಿಗೆ ಉಪ್ಪಾಗುತ್ತದೆ. ಇದು ಬರಿಯ ದೂರಲ್ಲ. ಕಿನಾರೆಯ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲಿನ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆಂಬುದು ಭೂಜಲಶಾಸ್ತ್ರದ ಹಳೆಯ ಸೂತ್ರ. ಮೇಲಿನ ಒಂದು ಅಡಿಯನ್ನು ಸೇದಿಬಿಟ್ಟರೆ ಕೆಳಗಿನಿಂದ ಉಪ್ಪು ಅದೇ ಪ್ರಮಾಣದಲ್ಲಿ ಏರಿಬರುತ್ತದೆ. ಮನೆ ಹಿಡಿಯುವ ಮೊದಲು ಬಾಡಿಗೆ, ಗ್ಯಾಸು, ಹಾಸಿಗೆಗಳನ್ನು ವಿಚಾರಿಸುವ ನಾವು ಬಾವಿಯ ನೀರನ್ನು ಇನ್ನೆಷ್ಟು ಮನೆಗಳು ಹಂಚಿಕೊಂಡಿವೆ ಎಂದು ವಿಚಾರಿಸುವುದಿಲ್ಲ. ಕಡಲಲ್ಲಿ ಮಿಂದು ಬಂದ ಮೇಲೆ ಒಂದೇ ಕೊಡದಲ್ಲಿ ಮೈ ತೊಳೆದುಕೊಳ್ಳಬಹುದು. ನಾವೆಲ್ಲ ಚಿಕ್ಕವರಿದ್ದಾಗ ಹಾಗೆಯೇ ಮಾಡುತ್ತಿದ್ದೆವು.

ಗೆಳೆಯನ ಸಂಸಾರ ಮರು ವರ್ಷವೂ ಅದೇ ಮನೆಯನ್ನು ಹಿಡಿಯಿತು. ಹುಡುಗರು ಮುಂಬಯಿಯಲ್ಲಿ ಅಷ್ಟರಲ್ಲಿ ಗಂಜಿ, ಚಟ್ನಿ, ಮೊಟ್ಟೆಯ ತನಕ ಕಲಿತಿದ್ದರು. ಮೀನು ಇನ್ನೂ ಅಮ್ಮನದೇ. ಅದನ್ನು ಬಿಟ್ಟುಕೊಡಲು ಅವರಿಗೇ ಇಷ್ಟವಿಲ್ಲವೆಂದು ಕಾಣುತ್ತದೆ. ಗಂಡನ ಕೈಯ ಸಾರನ್ನು ಉಂಡ ನಾನು ಅವರನ್ನು ಒತ್ತಾಯಿಸಲಿಲ್ಲ. ಮೂರು ದಿನಗಳಲ್ಲಿ ಎರಡು ಸಂಜೆ ಅವರು ದಡದಲ್ಲಿದ್ದರು, ಕತ್ತಲಾಗುವ ತನಕ.

ಕಳೆದ ತಿಂಗಳು ಆ ಮನೆಯ ಯಜಮಾನರು ಬೇರೆ ಕೆಲಸದ ನಿಮಿತ್ತ ನನ್ನಲ್ಲಿಗೆ ಬಂದಿದ್ದರು. ಒಲೆಯನ್ನು ಪಶ್ಚಿಮದ ಕೋಣೆಗೆ ಬದಲಿಸಿ, ಅಲ್ಲಿನ ಗೋಡೆಯಲ್ಲಿ ಗಾಜಿನ ಕಿಟಕಿಯೊಂದನ್ನು ಇಡಿಸಬಹುದಲ್ಲವೇ ಎಂದು ಕೇಳಿದೆ. ಅವರು ಲೆಕ್ಕ ಹಾಕಿದರು. ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ಎರಡು ಮಳೆಗಾಲ ಬಾಳುವುದಿಲ್ಲ, ಮರದ್ದೇ ಆಗಬೇಕು, ಹಲಸಿನ ಮರಕ್ಕೆ ಈಗ ಬೆಲೆ ವಿಪರೀತ ಎಂದರು. ಆಮೇಲೆ, ಬಾಡಿಗೆಗೆ ಬರುವವರು ಯಾರೂ ಅಡುಗೆಮನೆ ಎಲ್ಲಿದೆಯೆಂದು ಈತನಕ ಕೇಳಿಲ್ಲ ಫಾದರ್, ಎಂದರು. ಬೇಸಗೆಗೆ ಮೊದಲು ಬಡಗಿಯನ್ನು ಕರೆಸಿ ಅಳತೆ ತೆಗೆಸುತ್ತಾರಂತೆ.